ವೃತ್ತಿಪರ ಗಾಲ್ಫ್: ಪ್ರಾದೇಶಿಕ ಟೂರ್‌ಗಳು ಮತ್ತು ಆಟಗಾರರ ಅರ್ಹತೆ

ವೃತ್ತಿಪರ ಗಾಲ್ಫ್ ಆಟಗಾರನಿಗೆ ಸಂಬಳ ಕೊಡುವವರಿಲ್ಲ. ಕ್ರಿಕೆಟಿಗನನ್ನು ರಾಜ್ಯ ಸಂಸ್ಥೆಯೋ ಫ್ರಾಂಚೈಸಿಯೋ ಆರಿಸಿಕೊಳ್ಳುತ್ತದೆ, ಕಬಡ್ಡಿ ಆಟಗಾರನನ್ನು ತಂಡ ಹರಾಜಿನಲ್ಲಿ ಕೊಂಡುಕೊಳ್ಳುತ್ತದೆ. ಗಾಲ್ಫ್ ಆಟಗಾರ ಮಾತ್ರ ವಾರವಾರವೂ ಪಂದ್ಯದ ಪ್ರವೇಶಪಟ್ಟಿಯಲ್ಲಿ ತನ್ನ ಹೆಸರಿದೆಯೇ ಎಂದು ನೋಡಿಕೊಳ್ಳಬೇಕು. ಹೆಸರಿದ್ದರೂ ಸಾಮಾನ್ಯ ಪಂದ್ಯವೊಂದರಲ್ಲಿ ಮೊದಲ ಎರಡು ದಿನಗಳ ಆಟ ಮುಗಿದಾಗ ಅರ್ಧಕ್ಕೂ ಹೆಚ್ಚು ಮಂದಿ ‘ಕಟ್’ ದಾಟಲಾಗದೆ, ಬಹುಮಾನದಲ್ಲಿ ಪಾಲಿಲ್ಲದೆ, ಪ್ರಯಾಣದ ಖರ್ಚನ್ನು ತಾವೇ ಹೊತ್ತು ಮರಳುತ್ತಾರೆ. ಆದ್ದರಿಂದ ಈ ಆಟದಲ್ಲಿ ಯಾರು ಗೆದ್ದರು ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಯಾರಿಗೆ ಆಡಲು ಸಿಕ್ಕಿತು ಎಂಬುದು. ಇದಕ್ಕೆ ತೀರಾ ಲೌಕಿಕವಾದ ಕಾರಣವೊಂದಿದೆ: ಹಗಲಿನ ಬೆಳಕು. ಮೂವರು ಮೂವರಾಗಿ, ಸುಮಾರು ಹತ್ತು ನಿಮಿಷಕ್ಕೊಂದು ಗುಂಪಿನಂತೆ ಬಿಟ್ಟರೂ ಬೇಸಿಗೆಯ ದೀರ್ಘ ಹಗಲಿನಲ್ಲಿ 156 ಜನ ಆಡಿ ಮುಗಿಸುವುದೇ ಕಷ್ಟ. ಚಳಿಗಾಲದಲ್ಲಿ ಆ ಸಂಖ್ಯೆ ಇನ್ನೂ ಇಳಿಯುತ್ತದೆ. ಜಾಗ ಇಷ್ಟೇ, ಬೇಡುವವರು ಸಾವಿರಾರು. ಅಮೆರಿಕದ ಪಿಜಿಎ ಟೂರ್, ಯುರೋಪಿನ ಡಿಪಿ ವರ್ಲ್ಡ್ ಟೂರ್, ಏಷ್ಯನ್ ಟೂರ್, ನಮ್ಮ ಭಾರತದ ಪಿಜಿಟಿಐ (ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾ) ಎಂಬ ಹೆಸರುಗಳನ್ನು ಸಾಮಾನ್ಯವಾಗಿ ಭೂಗೋಳದ ವಿಂಗಡಣೆಯಂತೆ ವಿವರಿಸುವುದುಂಟು. ಅವು ನಿಜವಾಗಿ ಈ ವಿರಳ ಜಾಗಗಳನ್ನು ಹಂಚುವ ವ್ಯವಸ್ಥೆಗಳು. ಆ ಹಂಚಿಕೆ ನ್ಯಾಯವಾಗಿದೆಯೇ ಎಂಬುದು, ಹೊರಗಿನವನಿಗೆ ಎಷ್ಟು ಬಾಗಿಲುಗಳು ಎಷ್ಟು ಅಗಲ ತೆರೆದಿವೆ ಎಂಬುದರ ಮೇಲೆ ನಿಂತಿದೆ. ಈಚಿನ ವರ್ಷಗಳಲ್ಲಿ ಆ ಬಾಗಿಲುಗಳು ಕಿರಿದಾಗುತ್ತಿವೆ. ಅದರ ಬಿಸಿ ಮೊದಲು ತಟ್ಟುವುದು ಭಾರತದಂಥ ಅಂಚಿನ ದೇಶಗಳ ಆಟಗಾರರಿಗೆ.

‘ಗಾಲ್ಫ್ ವೃತ್ತಿಪರ’ ಎಂಬ ಮಾತಿಗೆ ಎರಡು ಅರ್ಥಗಳಿವೆ, ಎರಡನ್ನೂ ಬೇರೆಯಾಗಿ ನೋಡದಿದ್ದರೆ ಗೊಂದಲ ತಪ್ಪದು. ಬ್ರಿಟನ್ನಿನಲ್ಲಿ 1901ರಲ್ಲಿ, ಅಮೆರಿಕದಲ್ಲಿ 1916ರಲ್ಲಿ ಹುಟ್ಟಿದ ಪಿಜಿಎ ಸಂಘಗಳು ಮೂಲತಃ ಕ್ಲಬ್ಬಿನಲ್ಲಿ ಕೆಲಸಕ್ಕಿದ್ದು ಆಟ ಕಲಿಸುವ, ಸಲಕರಣೆ ಮಾರುವ, ರಿಪೇರಿ ಮಾಡುವ ಜನರ ಸಂಘಗಳು. ಪಂದ್ಯಗಳನ್ನಾಡಿಯೇ ಬದುಕುವವರ ಹಿತ ಬೇರೆ ಎಂದು ಅರಿವಾದಾಗ, 1968ರಲ್ಲಿ ಅಮೆರಿಕದ ಪಂದ್ಯಾಟಗಾರರು ಮಾತೃಸಂಸ್ಥೆಯಿಂದ ಸಿಡಿದು ಹೊರಬಂದರು. ಇಂದಿನ ಪಿಜಿಎ ಟೂರ್ ಆ ಒಡಕಿನ ಫಲ. ಪಾಠ ಹೇಳುವ ವೃತ್ತಿಪರನಿಗೆ ತರಬೇತಿ, ಪರೀಕ್ಷೆ, ಪ್ರಮಾಣಪತ್ರ ಎಲ್ಲವೂ ಇವೆ. ಭಾರತದಲ್ಲಿ ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾ ಆ ಕೆಲಸ ಮಾಡುತ್ತದೆ. ಪಂದ್ಯಾಟಗಾರನಿಗೆ ಅಂಥ ಪದವಿ ಇಲ್ಲ. ಹವ್ಯಾಸಿ ಸ್ಥಾನವನ್ನು ಬಿಟ್ಟೆನೆಂದು ಘೋಷಿಸಿದರೆ ಯಾರು ಬೇಕಾದರೂ ವೃತ್ತಿಪರರಾಗಬಹುದು. ಆದರೆ ಆ ಘೋಷಣೆ ಒಂದು ಪಂದ್ಯಕ್ಕೂ ಪ್ರವೇಶ ಕೊಡುವುದಿಲ್ಲ. ಪ್ರವೇಶ ಕೊಡುವುದು ‘ಕಾರ್ಡ್’, ಅಂದರೆ ಒಂದು ಟೂರ್‌ನಲ್ಲಿ ಒಂದು ಋತು ಆಡುವ ಹಕ್ಕು. ಋತು ಮುಗಿಯುವ ಹೊತ್ತಿಗೆ ಅಂಕಪಟ್ಟಿಯಲ್ಲಿ ನಿಗದಿತ ಸ್ಥಾನದೊಳಗೆ ಇರದಿದ್ದರೆ ಆ ಹಕ್ಕು ಹೋಗುತ್ತದೆ. ಪಂದ್ಯ ಗೆದ್ದವರಿಗೆ ಎರಡು ವರ್ಷ, ಮೇಜರ್ (ನಾಲ್ಕು ಅತಿ ದೊಡ್ಡ ಪಂದ್ಯಗಳಲ್ಲೊಂದು) ಗೆದ್ದವರಿಗೆ ಐದು ವರ್ಷ ಎಂಬಂಥ ರಿಯಾಯಿತಿಗಳಿವೆ; ಉಳಿದವರು ವರ್ಷವರ್ಷವೂ ತಮ್ಮ ಕೆಲಸವನ್ನು ಮತ್ತೆ ಸಂಪಾದಿಸಬೇಕು.

ಟೂರ್‌ಗಳು ಪ್ರದೇಶವಾರು ಆಗಿದ್ದಕ್ಕೆ ಹವಾಮಾನ, ಪ್ರಯಾಣದ ವೆಚ್ಚ, ಟೆಲಿವಿಷನ್ ಸಮಯ, ಸ್ಥಳೀಯ ಪ್ರಾಯೋಜಕರು ಎಲ್ಲವೂ ಕಾರಣ. ಯುರೋಪಿಯನ್ ಟೂರ್ (ಇಂದಿನ ಡಿಪಿ ವರ್ಲ್ಡ್ ಟೂರ್) 1972ರಿಂದ ತನ್ನ ವರ್ಷಗಳನ್ನು ಎಣಿಸುತ್ತದೆ; ಜಪಾನ್ ಮತ್ತು ಆಸ್ಟ್ರೇಲಿಯಾದ ಟೂರ್‌ಗಳು 1973ರಿಂದ. ದಕ್ಷಿಣ ಆಫ್ರಿಕದ ಸನ್‌ಶೈನ್ ಟೂರ್, ಕೊರಿಯಾದ ಟೂರ್ ಬೇರೆ. ಏಷ್ಯಾದ ಕಥೆ ಹೆಚ್ಚು ಸ್ವಾರಸ್ಯದ್ದು. 1960ರ ದಶಕದ ಆರಂಭದಲ್ಲಿ ಇಲ್ಲಿ ಟೂರ್ ಎಂಬುದೇ ಇರಲಿಲ್ಲ. ಫಿಲಿಪ್ಪೀನ್ಸ್, ಹಾಂಗ್‌ಕಾಂಗ್, ಸಿಂಗಪುರ, ಮಲಯಾಗಳ ರಾಷ್ಟ್ರೀಯ ಓಪನ್ ಪಂದ್ಯಗಳನ್ನು ಮಣಿಗಳಂತೆ ಪೋಣಿಸಿದ ಒಂದು ಸರ್ಕ್ಯೂಟ್ ಇತ್ತು. ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ಅದರ ಹಿಂದಿನ ಉತ್ಸಾಹ. 1964ರಲ್ಲಿ ಇಂಡಿಯನ್ ಓಪನ್ ಆರಂಭವಾಗಲು ಒತ್ತಾಸೆಯಾದವರು ಅವರೇ, ಮೊದಲ ಪ್ರಶಸ್ತಿಯನ್ನು ಗೆದ್ದವರೂ ಅವರೇ. ಮರುವರ್ಷ ಹವ್ಯಾಸಿ ಪಿ. ಜಿ. ಸೇಠಿ ಅದನ್ನು ಗೆದ್ದರು. ಆ ಸರ್ಕ್ಯೂಟ್ ಆಯಾ ದೇಶದ ಗಾಲ್ಫ್ ಒಕ್ಕೂಟಗಳ ಕೈಯಲ್ಲಿತ್ತು, ವೃತ್ತಿಪರರು ಅಲ್ಲಿ ಅತಿಥಿಗಳು. 1995ರಲ್ಲಿ ಏಷ್ಯಾದ ವೃತ್ತಿಪರರ ಸಂಘ ತನ್ನದೇ ಟೂರ್ ಆರಂಭಿಸಿದಾಗ ಹಳೆಯ ಸರ್ಕ್ಯೂಟ್ ಕೆಲವೇ ವರ್ಷಗಳಲ್ಲಿ ಅಳಿಯಿತು. 2009ರಲ್ಲಿ ಒನ್‌ಏಷ್ಯಾ ಎಂಬ ಎದುರಾಳಿ ಹುಟ್ಟಿ, ಅದೂ ಬಾಳಲಿಲ್ಲ. ಈ ಏಳುಬೀಳುಗಳ ನಡುವೆ ಸ್ಥಿರವಾಗಿ ಉಳಿದ ಪ್ರಶ್ನೆ ಒಂದೇ: ಪ್ರವೇಶಪಟ್ಟಿಯನ್ನು ಬರೆಯುವ ಲೇಖನಿ ಯಾರ ಕೈಯಲ್ಲಿರಬೇಕು?

ಪ್ರಾದೇಶಿಕ ಟೂರ್‌ಗಳು ಬೇಲಿ ಹಾಕಿಕೊಂಡ ತೋಟಗಳೇನಲ್ಲ. ಎರಡು ಮೂರು ಟೂರ್‌ಗಳು ಸೇರಿ ಒಂದೇ ಪಂದ್ಯಕ್ಕೆ ಮಾನ್ಯತೆ ಕೊಡುವ ಪದ್ಧತಿಯೇ ಅವುಗಳ ನಡುವಿನ ಸೇತುವೆ, ಭಾರತೀಯರು ಅದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ. ಕೋಲ್ಕತ್ತದ ಎಸ್. ಎಸ್. ಪಿ. ಚೌರಾಸಿಯಾ ರಾಯಲ್ ಕಲ್ಕತ್ತ ಗಾಲ್ಫ್ ಕ್ಲಬ್ಬಿನ ಹುಲ್ಲುಹಾಸು ನೋಡಿಕೊಳ್ಳುವವರ ಮಗ. 2008ರಲ್ಲಿ ಯುರೋಪಿಯನ್ ಟೂರ್ ಮಾನ್ಯತೆ ಪಡೆದ ಪಂದ್ಯವೊಂದು ಮೊದಲ ಬಾರಿಗೆ ಭಾರತಕ್ಕೆ ಬಂದಾಗ, ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ನಡೆದ ಆ ಇಂಡಿಯನ್ ಮಾಸ್ಟರ್ಸ್ ಅನ್ನು ಅವರು ಗೆದ್ದರು. ಒಂದೇ ವಾರದಲ್ಲಿ ಯುರೋಪಿನ ಕಾರ್ಡ್ ಅವರ ಕೈಗೆ ಬಂತು. ಶುಭಂಕರ್ ಶರ್ಮಾ 2017ರ ಕೊನೆಯಲ್ಲಿ ಜೋಹಾನ್ಸ್‌ಬರ್ಗ್‌ನ ಜೋಬರ್ಗ್ ಓಪನ್ ಆಡಲು ಸಾಧ್ಯವಾದದ್ದು ಆ ಪಂದ್ಯಕ್ಕೆ ಏಷ್ಯನ್ ಟೂರ್‌ನ ಪಾಲೂ ಇದ್ದುದರಿಂದ; ಅದನ್ನು ಗೆದ್ದು ಅವರೂ ಯುರೋಪಿಗೆ ನಡೆದರು. ಇಬ್ಬರೂ ತಾವು ನಿಂತ ಪ್ರದೇಶದಿಂದಲೇ ಮೇಲಕ್ಕೇರಿದರು. ಪ್ರಾದೇಶಿಕ ಟೂರ್ ಎಂದರೆ ಕೆಳದರ್ಜೆಯ ಟೂರ್ ಎಂದು ತಿಳಿದವರು ಈ ಎರಡು ಉದಾಹರಣೆಗಳನ್ನು ಗಮನಿಸಬೇಕು. ಪ್ರದೇಶದ ನಿಜವಾದ ಬೆಲೆ ಅದು ಕೊಡುವ ಹಣದಲ್ಲಿಲ್ಲ, ಅದು ಸೇರಿಸುವ ದಾರಿಗಳಲ್ಲಿದೆ.

ದಾರಿಗಳ ನಡುವೆ ತೂಗುವ ತಕ್ಕಡಿ ವಿಶ್ವ ಶ್ರೇಯಾಂಕ. 1986ರಲ್ಲಿ ಆರಂಭವಾದ ಈ ಪಟ್ಟಿಯ ಮೊದಲ ಅಗ್ರಸ್ಥಾನಿ ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್. ಮೊದಲ 50ರೊಳಗೆ ಇರುವವರಿಗೆ ಮಾಸ್ಟರ್ಸ್ ಮೊದಲಾದ ದೊಡ್ಡ ಪಂದ್ಯಗಳ ಬಾಗಿಲು ತೆರೆಯುವುದರಿಂದ ಇದು ಬರೀ ಗೌರವದ ಪಟ್ಟಿಯಲ್ಲ. 2022ರ ಆಗಸ್ಟ್‌ವರೆಗೆ ಪ್ರತಿ ಮುಖ್ಯ ಟೂರ್‌ನ ಪಂದ್ಯಕ್ಕೂ ಕನಿಷ್ಠ ಇಷ್ಟು ಅಂಕ ಎಂಬ ಖಾತರಿ ಇತ್ತು. ಆಮೇಲೆ ಅದನ್ನು ತೆಗೆದು, ಆಡುವವರ ಸಾಮರ್ಥ್ಯವನ್ನು ಲೆಕ್ಕ ಹಾಕಿ ಅಂಕ ನಿಗದಿ ಮಾಡುವ ಕ್ರಮ ಬಂತು. ಜಪಾನ್, ಏಷ್ಯಾ, ದಕ್ಷಿಣ ಆಫ್ರಿಕದ ಪಂದ್ಯಗಳ ಅಂಕ ಇಳಿಯಿತು. ಹಳೆಯ ಖಾತರಿ ಒಂದು ಬಗೆಯ ಸಬ್ಸಿಡಿ, ಹೊಸದು ನಿಜವಾದ ಅಳತೆ ಎಂದು ಸಮರ್ಥಿಸುವವರಿದ್ದಾರೆ. ಗಣಿತದ ಮಟ್ಟಿಗೆ ಆ ಮಾತನ್ನು ಒಪ್ಪಬೇಕು. ಆದರೆ ಬಲಿಷ್ಠ ಆಟಗಾರರು ಎಲ್ಲಿದ್ದಾರೋ ಅಲ್ಲಿ ಅಂಕ, ಅಂಕ ಎಲ್ಲಿದೆಯೋ ಅಲ್ಲಿಗೆ ಬಲಿಷ್ಠ ಆಟಗಾರರು ಎಂದಾದಾಗ ಅಳತೆಗೋಲೇ ತಾನು ಅಳೆಯುವ ವಸ್ತುವನ್ನು ಒಂದು ದಿಕ್ಕಿಗೆ ಎಳೆಯತೊಡಗುತ್ತದೆ. ಶ್ರೇಯಾಂಕ ನಿಖರವಾದಷ್ಟೂ ಅದನ್ನು ಅವಲಂಬಿಸದ ಬಾಗಿಲುಗಳ ಅಗತ್ಯ ಹೆಚ್ಚುತ್ತದೆ.

ಅಂಥ ಬಾಗಿಲುಗಳಲ್ಲಿ ಹೆಸರಾದದ್ದು ‘ಕ್ಯೂ-ಸ್ಕೂಲ್’. ಹೆಸರಿನಲ್ಲಿ ಶಾಲೆ ಇದ್ದರೂ ಅಲ್ಲಿ ಪಾಠವಿಲ್ಲ, ಪರೀಕ್ಷೆ ಮಾತ್ರ. ಅಮೆರಿಕದಲ್ಲಿ ಅದು 1965ರಲ್ಲಿ ಶುರುವಾಯಿತು. ಆಗ ಅದರಲ್ಲಿ ಪಾಸಾದರೂ ವಾರವಾರದ ಜಾಗಕ್ಕೆ ಖಾತರಿ ಇರಲಿಲ್ಲ: ಹಿಂದಿನ ವರ್ಷದ ಗಳಿಕೆಯಲ್ಲಿ ಮೊದಲ 60 ಸ್ಥಾನದೊಳಗಿದ್ದವರಿಗೆ ಮಾತ್ರ ನೇರ ಪ್ರವೇಶ, ಮಿಕ್ಕವರಲ್ಲಿ ಹೆಚ್ಚಿನವರು ಸೋಮವಾರದ ಅರ್ಹತಾ ಸುತ್ತಿನಲ್ಲಿ ಗೆದ್ದು ಗುರುವಾರದ ಪಂದ್ಯಕ್ಕೆ ಬರಬೇಕು. ಸೋಮವಾರ ಸೋತವರು ಗಾಡಿ ಹತ್ತಿ ಮುಂದಿನ ಊರಿಗೆ ಹೋಗಿ ಇನ್ನೊಂದು ಸೋಮವಾರಕ್ಕೆ ಕಾಯುತ್ತಿದ್ದರು. 1983ರಲ್ಲಿ ಅಗ್ರ 125 ಜನರಿಗೆ ಇಡೀ ಋತುವಿನ ಹಕ್ಕು ಕೊಡುವ ಸುಧಾರಣೆ ಬಂದು ಈ ಅಲೆದಾಟ ಬಹಳಷ್ಟು ತಗ್ಗಿತು. 1990ರಲ್ಲಿ ಎರಡನೆಯ ದರ್ಜೆಯ ಟೂರ್ ಹುಟ್ಟಿತು; ಅನೇಕ ಪ್ರಾಯೋಜಕರ ಹೆಸರು ಹೊತ್ತು ಇಂದು ಅದು ಕಾರ್ನ್ ಫೆರಿ ಟೂರ್. ಯುರೋಪಿನಲ್ಲೂ ಹೀಗೆಯೇ ಒಂದು ಎರಡನೆಯ ಟೂರ್ ಇದೆ, ಮೂರು ಹಂತದ ಕ್ಯೂ-ಸ್ಕೂಲ್ ಇದೆ. ಸ್ಪೇನಿನ ತಾರಗೋನದಲ್ಲಿ ನಡೆಯುವ ಅದರ ಅಂತಿಮ ಹಂತದಲ್ಲಿ ಆರು ದಿನ, 108 ಹೋಲ್ ಆಡಬೇಕು. ನಾಲ್ಕು ಸುತ್ತಿನ ನಂತರ ಒಮ್ಮೆ ಕಟ್, ಕೊನೆಗೆ ಮೊದಲ 20 ಸ್ಥಾನ ಮತ್ತು ಸಮಬಲದವರಿಗೆ ಕಾರ್ಡ್. ಆರನೆಯ ದಿನ ಒಂದು ಹೊಡೆತದ ಅಂತರದಲ್ಲಿ ಒಬ್ಬನ ಮುಂದಿನ ವರ್ಷವೇ ಬದಲಾಗುತ್ತದೆ.

ಇದಕ್ಕೆ ಗಂಭೀರವಾದ ಆಕ್ಷೇಪವಿದೆ. ಒಂದು ವಾರದ ಆಟದಲ್ಲಿ ಅದೃಷ್ಟದ ಪಾಲು ದೊಡ್ಡದು. ಇಡೀ ಋತುವಿನ ಸಾಧನೆಯೇ ಮುಂದಿನ ಸಾಧನೆಗೆ ಸರಿಯಾದ ಸೂಚಿ. ಈ ತರ್ಕದ ಮೇಲೆಯೇ ಪಿಜಿಎ ಟೂರ್ 2013ರಿಂದ ಕ್ಯೂ-ಸ್ಕೂಲಿನ ನೇರ ಕಾರ್ಡನ್ನು ನಿಲ್ಲಿಸಿ, ಅಲ್ಲಿ ಪಾಸಾದವರನ್ನು ಎರಡನೆಯ ಟೂರ್‌ಗೆ ಮಾತ್ರ ಕಳಿಸತೊಡಗಿತು. ಅಂಕಿಸಂಖ್ಯೆಯ ದೃಷ್ಟಿಯಿಂದ ಆ ತರ್ಕ ಸರಿಯೇ. ಆದರೆ ಅದು ಮರೆತದ್ದು, ಇಡೀ ಋತು ಆಡಿ ತೋರಿಸಲು ಆ ಋತುವನ್ನು ಅಲ್ಲೇ ಕಳೆಯಬೇಕು ಎಂಬುದನ್ನು. ಅಮೆರಿಕದಲ್ಲಿ ಒಂದು ವರ್ಷ ಊರೂರು ತಿರುಗುವ ಖರ್ಚು, ವೀಸಾ, ತನ್ನ ಪ್ರದೇಶದ ಗಳಿಕೆಯನ್ನು ಬಿಟ್ಟುಕೊಡುವ ನಷ್ಟ ಇವೆಲ್ಲವನ್ನೂ ಅಲ್ಲಿನ ವಿಶ್ವವಿದ್ಯಾಲಯದಿಂದ ಹೊರಬಿದ್ದ ಯುವಕ ಹೊರುವಷ್ಟು ಸುಲಭವಾಗಿ ಬುಸಾನಿನವನೋ ಬೆಂಗಳೂರಿನವನೋ ಹೊರಲಾರ. ಕೊರಿಯಾದ ಚೋಯ್ ಕ್ಯುಂಗ್-ಜೂ 1999ರಲ್ಲಿ ಕ್ಯೂ-ಸ್ಕೂಲ್ ದಾಟಿ ಆ ದೇಶದ ಮೊದಲ ಪಿಜಿಎ ಟೂರ್ ಸದಸ್ಯರಾದರು, ಮುಂದೆ ಎಂಟು ಪಂದ್ಯ ಗೆದ್ದರು. ಅವರ ದೇಶದವರೇ ಆದ ಯಾಂಗ್ ಯಾಂಗ್-ಉನ್ 2008ರ ಕೊನೆಯಲ್ಲಿ ಕ್ಯೂ-ಸ್ಕೂಲಿನಲ್ಲಿ ಕಾರ್ಡ್ ಪಡೆದು, 2009ರ ಆಗಸ್ಟ್‌ನಲ್ಲಿ ಪಿಜಿಎ ಚಾಂಪಿಯನ್‌ಷಿಪ್‌ನ ಕೊನೆಯ ದಿನ ಟೈಗರ್ ವುಡ್ಸ್ ಅವರನ್ನು ಹಿಂದಿಕ್ಕಿ ಮೇಜರ್ ಗೆದ್ದ ಮೊದಲ ಏಷ್ಯಾದ ಪುರುಷರೆನಿಸಿದರು. 2013ರ ನಿಯಮ ನಾಲ್ಕು ವರ್ಷ ಮೊದಲೇ ಬಂದಿದ್ದರೆ ಆ ವರ್ಷವನ್ನು ಅವರು ಎರಡನೆಯ ಟೂರ್‌ನಲ್ಲಿ ಕಳೆಯಬೇಕಾಗುತ್ತಿತ್ತು.

ಪ್ರದೇಶಕ್ಕೇ ಬಾಗಿಲನ್ನು ಒಯ್ದರೆ ಏನಾಗುತ್ತದೆ ಎಂಬುದಕ್ಕೆ ಯು.ಎಸ್. ಓಪನ್ ಸಾಕ್ಷಿ. ಆ ಪಂದ್ಯಕ್ಕೆ ಈಗ ವರ್ಷಕ್ಕೆ 10,000ಕ್ಕೂ ಹೆಚ್ಚು ಅರ್ಜಿಗಳು ಬರುತ್ತವೆ; 18 ಹೋಲ್‌ಗಳ ಸ್ಥಳೀಯ ಸುತ್ತು, ಒಂದೇ ದಿನದ 36 ಹೋಲ್‌ಗಳ ಅಂತಿಮ ಸುತ್ತು ದಾಟಿದವರು 156ರ ಪಟ್ಟಿಗೆ ಸೇರುತ್ತಾರೆ. 2005ರಲ್ಲಿ ಮೊದಲ ಬಾರಿಗೆ ಈ ಅಂತಿಮ ಸುತ್ತನ್ನು ಇಂಗ್ಲೆಂಡ್ ಮತ್ತು ಜಪಾನಿನಲ್ಲೂ ನಡೆಸಿದರು. ನ್ಯೂಜಿಲೆಂಡಿನ ಮೈಕಲ್ ಕ್ಯಾಂಪ್‌ಬೆಲ್ ಲಂಡನ್ ಬಳಿಯ ವಾಲ್ಟನ್ ಹೀತ್‌ನಲ್ಲಿ ಆಡಿ ಅರ್ಹತೆ ಪಡೆದರು. ಅದೇ ವರ್ಷ ಪೈನ್‌ಹರ್ಸ್ಟ್‌ನಲ್ಲಿ ವುಡ್ಸ್‌ಗಿಂತ ಎರಡು ಹೊಡೆತ ಕಡಿಮೆ ಆಡಿ ಪ್ರಶಸ್ತಿ ಗೆದ್ದರು. ಬಾಗಿಲು ತೆರೆದ ಮೊದಲ ವರ್ಷವೇ ಅದರಿಂದ ಒಳಬಂದವನು ಚಾಂಪಿಯನ್. ಇದನ್ನು ಅಪವಾದ ಎನ್ನಬಹುದು, ಅಪವಾದವೇ ಹೌದು. ಆದರೆ ಅರ್ಹತಾ ಪದ್ಧತಿಯನ್ನು ಸರಾಸರಿಯಿಂದ ಅಳೆಯುವುದು ತಪ್ಪು. ಅದು ಇರುವುದೇ ಪಟ್ಟಿಗಳು ಗುರುತಿಸದೆ ಬಿಟ್ಟವನಿಗಾಗಿ.

ಈ ಮಾತಿಗೆ ಭಾರತದ ಇತಿಹಾಸದಲ್ಲೇ ಇದಕ್ಕಿಂತ ಬಲವಾದ ಪುರಾವೆ ಇದೆ. ಪಿಜಿಎ ಟೂರ್‌ನ ಸದಸ್ಯರಾದ ಮೊದಲ ಭಾರತೀಯ ಅರ್ಜುನ್ ಅಟ್ವಾಲ್. 2003ರ ಕೊನೆಯ ಕ್ಯೂ-ಸ್ಕೂಲಿನಿಂದ ಬಂದವರು. ಅದಕ್ಕೂ ಮೊದಲು ಜೀವ್ ಮಿಲ್ಖಾ ಸಿಂಗ್ ಅದೇ ಬಗೆಯ ಪರೀಕ್ಷೆಯಿಂದ 1998ರಲ್ಲಿ ಯುರೋಪ್ ಸೇರಿದ್ದರು. 2010ರ ಬೇಸಿಗೆಯಲ್ಲಿ ಅಟ್ವಾಲ್ ಕಾರ್ಡ್ ಕಳೆದುಕೊಂಡರು. ಆಗಸ್ಟ್‌ನಲ್ಲಿ ವಿಂಡಮ್ ಚಾಂಪಿಯನ್‌ಷಿಪ್‌ಗೆ ಸೋಮವಾರದ ಅರ್ಹತಾ ಸುತ್ತಿನಿಂದ ಪ್ರವೇಶ ಪಡೆದು ಭಾನುವಾರ ಪ್ರಶಸ್ತಿ ಎತ್ತಿದರು. ಪಿಜಿಎ ಟೂರ್‌ನಲ್ಲಿ ಭಾರತೀಯನ ಮೊದಲ ಗೆಲುವು ಅದು. ಸೋಮವಾರದ ದಾರಿಯಿಂದ ಬಂದವರೊಬ್ಬರು ಗೆದ್ದದ್ದು 24 ವರ್ಷಗಳಲ್ಲಿ ಮೊದಲ ಸಲ. ಶ್ರೇಯಾಂಕವೂ ಋತುವಿನ ಅಂಕಪಟ್ಟಿಯೂ ಆ ವಾರ ಅವರನ್ನು ಹೊರಗಿಟ್ಟಿದ್ದವು.

ದೇಶದೊಳಗಿನ ಏಣಿ 2006ರಲ್ಲಿ ಸ್ಥಾಪನೆಯಾದ ಪಿಜಿಟಿಐ. ಅದರ ಕ್ಯೂ-ಸ್ಕೂಲಿಗೂ ಪೂರ್ವ ಅರ್ಹತಾ ಹಂತ, ಅಂತಿಮ ಹಂತ ಎಂಬ ಮೆಟ್ಟಿಲುಗಳಿವೆ. ಇಲ್ಲಿ ಅರ್ಹತೆಯ ಪ್ರಶ್ನೆಗೆ ಸಾಮಾಜಿಕ ಮುಖವೊಂದಿದೆ, ಬೇರೆ ದೇಶಗಳ ವಿವರಣೆಗಳಲ್ಲಿ ಅದು ಅಷ್ಟಾಗಿ ಕಾಣುವುದಿಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಆಟ ಇಷ್ಟು ಹಳತಾದರೂ ಅದು ಕ್ಲಬ್ ಸದಸ್ಯರ, ಸೈನ್ಯಾಧಿಕಾರಿಗಳ ಆಟವಾಗಿಯೇ ಬಹುಕಾಲ ಉಳಿಯಿತು. ಸದಸ್ಯತ್ವವಿಲ್ಲದೆ ಹುಲ್ಲಿನ ಮೇಲೆ ಕಾಲಿಡುತ್ತಿದ್ದವನು ಕ್ಯಾಡಿ, ಚೀಲ ಹೊರುವ ಹುಡುಗ. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಅಲಿ ಶೇರ್ ಕ್ಯಾಡಿಯಾಗಿದ್ದವರು. 2009ರಲ್ಲಿ ಅದೇ ಪ್ರಶಸ್ತಿ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರು. ಬಿಡದಿಯ ಬಳಿಯ ಗಾಲ್ಫ್ ಕೋರ್ಸ್‌ನಲ್ಲಿ ಆಟ ಕಲಿತು ಪಿಜಿಟಿಐಯಲ್ಲಿ ಅನೇಕ ಪ್ರಶಸ್ತಿ ಗೆದ್ದ ಎಸ್. ಚಿಕ್ಕರಂಗಪ್ಪ ಕೂಡ ಅದೇ ದಾರಿಯವರು. ಇವರ ಬಳಿ ಅಮೆರಿಕದ ಕಾಲೇಜು ವಿದ್ಯಾರ್ಥಿವೇತನ ಇರಲಿಲ್ಲ, ಹವ್ಯಾಸಿ ಪಂದ್ಯಗಳಿಗೆ ದೇಶವಿದೇಶ ಸುತ್ತುವ ಅನುಕೂಲವೂ ಇರಲಿಲ್ಲ. ಇತ್ತೀಚೆಗೆ ಪಿಜಿಎ ಟೂರ್ ಅಮೆರಿಕದ ಕಾಲೇಜು ಆಟಗಾರರ ಪಟ್ಟಿಯಲ್ಲಿ ಮೊದಲಿಗನಾದವನಿಗೆ ನೇರ ಕಾರ್ಡ್ ಕೊಡುತ್ತಿದೆ. 2023ರಲ್ಲಿ ಸ್ವೀಡನ್ನಿನ ಲುಡ್ವಿಗ್ ಓಬರಿ ಹಾಗೆ ಬಂದರು, ಅವರ ಪ್ರತಿಭೆಯಲ್ಲಿ ಅನುಮಾನವಿಲ್ಲ. ಆದರೆ ಆ ದಾರಿಯ ಆರಂಭವೇ ಸಾಗರದ ಆಚೆ. ಕ್ಯಾಡಿ ಹುಡುಗನ ದಾರಿ ಮನೆಯ ಹತ್ತಿರದಿಂದ ಶುರುವಾಗಬೇಕು, ಹಾಗೆ ಶುರುವಾಗಿ ಮುಂದೆ ಎಲ್ಲಿಗಾದರೂ ತಲುಪಬೇಕು.

2022ರ ಡಿಸೆಂಬರಿನಲ್ಲಿ ಪಿಜಿಟಿಐ, ಡಿಪಿ ವರ್ಲ್ಡ್ ಟೂರ್, ಪಿಜಿಎ ಟೂರ್‌ಗಳ ನಡುವೆ ಆದ ಒಪ್ಪಂದ ಆ ‘ಎಲ್ಲಿಗಾದರೂ’ ಎಂಬುದಕ್ಕೆ ಒಂದು ವಿಳಾಸ ಕೊಟ್ಟಿತು: ಪಿಜಿಟಿಐ ಆರ್ಡರ್ ಆಫ್ ಮೆರಿಟ್‌ನ (ಋತುವಿನ ಶ್ರೇಯಾಂಕ ಪಟ್ಟಿಯ) ಅಗ್ರಸ್ಥಾನಿಗೆ ಮರುವರ್ಷ ಯುರೋಪಿನಲ್ಲಿ ಸದಸ್ಯತ್ವ. ಮೊದಲು ಅದನ್ನು ಪಡೆದವರು ಮಧ್ಯಪ್ರದೇಶದ ಮ್ಹೌನ ಓಂ ಪ್ರಕಾಶ್ ಚೌಹಾಣ್, ಅವರ ನಂತರ ವೀರ್ ಅಹ್ಲಾವತ್. ಯುರೋಪಿನ ಪಟ್ಟಿಯಲ್ಲಿ ಬೇರೆ ದಾರಿಯಿಂದ ಅರ್ಹರಾಗದ ಮೊದಲ ಹತ್ತು ಮಂದಿಗೆ ಪಿಜಿಎ ಟೂರ್ ಕಾರ್ಡ್ ಸಿಗುತ್ತದೆ. ಕಾಗದದ ಮೇಲೆ ನೋಡಿದರೆ ಜೆಮ್‌ಷೆಡ್‌ಪುರದಿಂದ ಫ್ಲಾರಿಡಾವರೆಗೆ ಮೆಟ್ಟಿಲುಗಳ ಸಾಲು ಪೂರ್ತಿಯಾಗಿದೆ. ಇದು ಪ್ರಾದೇಶಿಕ ಟೂರ್‌ಗಳನ್ನು ಅಮೆರಿಕದ ಪೂರೈಕೆದಾರರನ್ನಾಗಿ ಮಾಡಿತು, ಪ್ರತಿ ವರ್ಷ ಒಳ್ಳೆಯವರನ್ನು ಕಳೆದುಕೊಳ್ಳುವ ಟೂರ್‌ಗೆ ಪ್ರಾಯೋಜಕರು ಎಲ್ಲಿಂದ ಬರಬೇಕು ಎಂಬ ಟೀಕೆ ಯುರೋಪಿನಲ್ಲೇ ಕೇಳಿಬಂದಿದೆ. ಟೀಕೆಯಲ್ಲಿ ಹುರುಳಿದೆ. ಆದರೂ ದಾರಿಯನ್ನು ಮುಚ್ಚಿ ಆಟಗಾರನನ್ನು ಉಳಿಸಿಕೊಳ್ಳುವುದು ಟೂರ್‌ಗೆ ಲಾಭ, ಆಟಗಾರನಿಗೆ ನಷ್ಟ. ಸಂಬಳವಿಲ್ಲದ ವೃತ್ತಿಯಲ್ಲಿ ಆಟಗಾರನ ಕಡೆಯಿಂದ ಯೋಚಿಸುವುದೇ ಸರಿ. ನನ್ನ ಆಕ್ಷೇಪ ಬೇರೆ: 140 ಕೋಟಿ ಜನರ ದೇಶದ ಟೂರ್‌ಗೆ ಸಿಕ್ಕಿದ್ದು ಒಂದೇ ಒಂದು ಕುರ್ಚಿ.

ಸೌದಿ ಹಣದಿಂದ 2022ರಲ್ಲಿ ಆರಂಭವಾದ ಎಲ್‌ಐವಿ ಗಾಲ್ಫ್ ಈ ವ್ಯವಸ್ಥೆಗೆ ಪರ್ಯಾಯ ಎಂದು ಹಲವರು ಆಶಿಸಿದ್ದರು. ಏಷ್ಯನ್ ಟೂರ್‌ನ ಇಂಟರ್‌ನ್ಯಾಷನಲ್ ಸೀರೀಸ್ ಪಂದ್ಯಗಳಿಗೆ ಅದು ಸುರಿದ ಹಣ ನಿಜ. ಆ ಸರಣಿಯ ಅಗ್ರಸ್ಥಾನದಿಂದ 2023ರಲ್ಲಿ ಆಂಡಿ ಓಗಲ್‌ಟ್ರೀ ಎಲ್‌ಐವಿ ಸೇರಿದ್ದೂ ನಿಜ. ಆದರೆ ಆಗ 48 ಜನರದಾಗಿದ್ದ, ಒಪ್ಪಂದದಿಂದ ಕಾಯ್ದಿಟ್ಟ ಆ ಪಟ್ಟಿಗೆ ಹೊರಗಿನವರು ಸೇರುವ ಅವಕಾಶ ತೀರ ಕಡಿಮೆ ಇತ್ತು. 2023ರ ಅಕ್ಟೋಬರಿನಲ್ಲಿ ವಿಶ್ವ ಶ್ರೇಯಾಂಕ ಮಂಡಳಿ ಅದಕ್ಕೆ ಅಂಕ ನಿರಾಕರಿಸಿದಾಗ ಮುಖ್ಯವಾಗಿ ಎತ್ತಿದ ಪ್ರಶ್ನೆ ಆಟದ ಗುಣಮಟ್ಟದ್ದಲ್ಲ. ಒಳಬರುವ, ಹೊರಹೋಗುವ ದಾರಿಗಳು ಮುಚ್ಚಿಕೊಂಡಿರುವುದರದ್ದು. ಮಂಡಳಿಯಲ್ಲಿ ಪ್ರತಿಸ್ಪರ್ಧಿ ಟೂರ್‌ಗಳ ಪ್ರತಿನಿಧಿಗಳಿದ್ದಾರೆ, ಅವರ ತೀರ್ಪಿನಲ್ಲಿ ಸ್ವಾರ್ಥವಿದೆ ಎಂಬ ಅನುಮಾನವನ್ನು ಬದಿಗಿಟ್ಟು ನೋಡಿದರೂ ಕಾರಣ ಗಟ್ಟಿಯಾದದ್ದು. ಅದೇ ಕಾರಣವನ್ನು ಹಳೆಯ ಟೂರ್‌ಗಳು ತಮಗೂ ಅನ್ವಯಿಸಿಕೊಳ್ಳಬೇಕು.

ಮಹಿಳಾ ಗಾಲ್ಫ್‌ನಲ್ಲಿ ಚಿತ್ರ ಸ್ವಲ್ಪ ಬೇರೆ. ಅಮೆರಿಕದ ಎಲ್‌ಪಿಜಿಎ 1950ರಲ್ಲಿ 13 ಆಟಗಾರ್ತಿಯರು ಕಟ್ಟಿದ ಸಂಸ್ಥೆ. ಜಪಾನ್ ಮತ್ತು ಕೊರಿಯಾದ ಮಹಿಳಾ ಟೂರ್‌ಗಳು ಎಷ್ಟು ಶ್ರೀಮಂತವೆಂದರೆ ಅಲ್ಲಿನ ಅನೇಕ ಶ್ರೇಷ್ಠ ಆಟಗಾರ್ತಿಯರು ಹೊರಗೆ ಹೋಗುವ ಅಗತ್ಯವನ್ನೇ ಕಾಣುವುದಿಲ್ಲ. ಪ್ರದೇಶ ಅಲ್ಲಿ ಮೆಟ್ಟಿಲಲ್ಲ, ಮನೆ. ಭಾರತದ ಮಹಿಳಾ ಟೂರ್ ಚಿಕ್ಕದು. ಬೆಂಗಳೂರಿನ ಅದಿತಿ ಅಶೋಕ್ 2015ರ ಡಿಸೆಂಬರಿನಲ್ಲಿ, ಹದಿನೇಳರ ವಯಸ್ಸಿನಲ್ಲಿ, ಮೊರಾಕ್ಕೊದಲ್ಲಿ ನಡೆದ ಯುರೋಪಿನ ಮಹಿಳಾ ಟೂರ್‌ನ ಅರ್ಹತಾ ಪರೀಕ್ಷೆಯಲ್ಲಿ ಮೊದಲಿಗರಾದರು. 2016ರಲ್ಲಿ ಗುರುಗ್ರಾಮದಲ್ಲಿ ಮಹಿಳಾ ಇಂಡಿಯನ್ ಓಪನ್ ಗೆದ್ದರು, ಅದೇ ವರ್ಷದ ಕೊನೆಗೆ ಅಮೆರಿಕದ ಪರೀಕ್ಷೆಗೂ ಕೂತು 2017ರಲ್ಲಿ ಎಲ್‌ಪಿಜಿಎ ಸೇರಿದರು. ಟೋಕಿಯೊ ಒಲಿಂಪಿಕ್ಸ್‌ನ ನಾಲ್ಕನೆಯ ಸ್ಥಾನ ಆ ಎರಡು ಪರೀಕ್ಷೆಗಳ ಮುಂದುವರಿಕೆ. ಮೈಸೂರಿನ ಪ್ರಣವಿ ಅರಸ್ ದೇಶೀಯ ಟೂರ್‌ನಿಂದ ಯುರೋಪಿನತ್ತ ನಡೆದವರು.

ಪುರುಷರ ವಿಭಾಗದಲ್ಲಿ ಪಿಜಿಎ ಟೂರ್ 2023ರಲ್ಲಿ ಕ್ಯೂ-ಸ್ಕೂಲಿನ ನೇರ ಕಾರ್ಡನ್ನು ಮತ್ತೆ ತಂದಿತು, ಐದು ಸ್ಥಾನಗಳಿಗೆ. ತನ್ನ ಹಿಂದಿನ ನಿರ್ಧಾರ ತಪ್ಪಿತ್ತೆಂದು ಅದು ಬಾಯಿಬಿಟ್ಟು ಹೇಳದಿದ್ದರೂ ಬಾಗಿಲಿನ ಬೆಲೆಯನ್ನು ಒಪ್ಪಿಕೊಂಡಂತಾಯಿತು. ಆದರೆ ಅದರ ಬೆನ್ನಿಗೇ ಬಂದ ಬದಲಾವಣೆಗಳು ಎದುರು ದಿಕ್ಕಿನವು. ಋತುವಿನ ಪೂರ್ಣ ಹಕ್ಕು 125ರಿಂದ 100 ಜನರಿಗೆ ಇಳಿಯಿತು, ಕಾರ್ನ್ ಫೆರಿ ಟೂರ್‌ನಿಂದ ಮೇಲೇರುವವರು 30ರಿಂದ 20ಕ್ಕೆ. 2026ರಿಂದ ಅನೇಕ ಪಂದ್ಯಗಳಿಗೆ 156ರ ಬದಲು 144 ಅಥವಾ 120 ಜನ. 120ರ ಪಂದ್ಯಗಳಲ್ಲಿ ಸೋಮವಾರದ ಅರ್ಹತಾ ಸುತ್ತೇ ಇಲ್ಲ. ಕತ್ತಲಾಗುವ ಮೊದಲು ಸುತ್ತು ಮುಗಿಯಬೇಕು, ಸದಸ್ಯರಿಗೆ ಖಚಿತವಾಗಿ ಆಡಲು ಸಿಗಬೇಕು ಎಂಬ ಸಮರ್ಥನೆ ಸುಳ್ಳಲ್ಲ. ಆದರೆ ಪಂದ್ಯ ಚಿಕ್ಕದಾದಾಗ ಮೊದಲು ಹೋದ ಜಾಗಗಳು ಯಾವ ಪಟ್ಟಿಯಲ್ಲೂ ಇಲ್ಲದವರದು. 2010ರ ಆಗಸ್ಟ್‌ನ ಆ ಸೋಮವಾರ ಅಟ್ವಾಲ್ ಆಡಿದ್ದು ಅಂಥ ಒಂದು ಜಾಗಕ್ಕಾಗಿಯೇ.